ಹೆಸರಿಲ್ಲದ ಬಾಟಲಿ: ಎಲ್ಲರೂ ಸೇರಿ ಬಳಸೋ ವರ್ಕ್‌ಶಾಪಲ್ಲಿ ಕೆಮಿಕಲ್ ನೋಡ್ಕೊಂಡ ನನ್ನ ಅನುಭವ

ನಮ್ಮ ವರ್ಕ್‌ಶಾಪ್ ಯಾರೊಬ್ಬರ ಸ್ವಂತದ್ದಲ್ಲ. ಸುಮಾರು ನಲವತ್ತು ಜನ ಮೆಂಬರ್ಸ್ ಇದೀವಿ, ಮರಗೆಲಸದವರು, ವೆಲ್ಡಿಂಗ್‌ನವರು, ಸರ್ಕ್ಯೂಟ್ ಬೋರ್ಡ್ ಮಾಡೋ ಹುಡುಗರು, ಎಪಾಕ್ಸಿ ಹೊಯ್ಯೋರು, ಎಲ್ಲರ ಹತ್ರಾನೂ ಒಂದೊಂದು ಕೀ ಇದೆ, ಯಾರು ಯಾವಾಗ ಬೇಕಾದ್ರೂ ಬರಬಹುದು. ಅಲ್ಲಿನ ಕೆಮಿಕಲ್ ಜವಾಬ್ದಾರಿ ನಾನು ತಗೊಂಡು ನಾಲ್ಕು ವರ್ಷ ಆಯ್ತು. ಯಾಕೆ ತಗೊಂಡೆ ಅಂತ ಮೊದಲು ಹೇಳ್ತೀನಿ, ಯಾಕಂದ್ರೆ ನಾವು ಆಮೇಲೆ ಮಾಡ್ಕೊಂಡ ನಿಯಮಗಳೆಲ್ಲ ಅಲ್ಲಿಂದಾನೇ ಹುಟ್ಟಿದ್ದು.

ಒಂದು ದಿನ ಸಂಜೆ ಹೊಸದಾಗಿ ಸೇರಿದ್ದ ಹುಡುಗ ಒಬ್ಬ ಸಿಂಕ್ ಪಕ್ಕದ ಶೆಲ್ಫಿಂದ ನೀರಿನ ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ ಬಾಯಿ ಹತ್ರ ತಗೊಂಡು ಹೋದ. ವಾಸನೆ ಮೂಗಿಗೆ ಬಡಿದಿದ್ದಕ್ಕೆ ಕೈ ನಿಂತಿತು, ಇಲ್ಲಾಂದ್ರೆ ಥಿನ್ನರ್ ಹೊಟ್ಟೆಗೆ ಹೋಗ್ತಿತ್ತು. ಯಾರು ಇಟ್ಟಿದ್ದು ಅಂತ ಗ್ರೂಪಲ್ಲಿ ಕೇಳಿದೆ, ಮೂರು ದಿನ ಯಾರೂ ಮಾತಾಡ್ಲಿಲ್ಲ. ನಾಲ್ಕನೇ ದಿನ ಒಬ್ರು ಫೋನ್ ಮಾಡಿ "ಸರ್, ಅದು ನಂದೇ ಇರ್ಬೇಕು, ಎರಡು ತಿಂಗಳ ಹಿಂದೆ ಬ್ರಷ್ ತೊಳೆಯೋಕೆ ತಂದಿದ್ದೆ, ಮರ್ತೇ ಹೋಗಿತ್ತು" ಅಂದ್ರು. ಅವರ ಮೇಲೆ ಸಿಟ್ಟು ಬಂತು, ಆದ್ರೆ ಅವತ್ತು ರಾತ್ರಿ ನನ್ನ ಸ್ವಂತ ಶೆಲ್ಫ್ ತೆಗೆದು ನೋಡಿದ್ರೆ ಅಲ್ಲೂ ಎರಡು ಡಬ್ಬ ಹೆಸರಿಲ್ದೆ ಕೂತಿದ್ವು, ಒಂದ್ರಲ್ಲಿ ಏನಿದೆ ಅಂತ ನಂಗೂ ನೆನಪಿರ್ಲಿಲ್ಲ.

ಆವಾಗ ಅರ್ಥ ಆಗಿದ್ದು ಒಂದೇ. ಒಬ್ಬನೇ ಕೆಲಸ ಮಾಡೋ ಜಾಗದಲ್ಲಿ ಏನು ಎಲ್ಲಿದೆ ಅನ್ನೋದು ಅವನ ತಲೆಯಲ್ಲಿರತ್ತೆ, ನಡೆಯತ್ತೆ. ಎಲ್ಲರೂ ಬಳಸೋ ಜಾಗದಲ್ಲಿ ಗೊತ್ತಿರೋನು ಮನೆಗೆ ಹೋಗಿರ್ತಾನೆ, ವಸ್ತು ಮಾತ್ರ ಅಲ್ಲೇ ಉಳಿದಿರತ್ತೆ. ಅದಕ್ಕೇ ಗೊತ್ತಿರೋನ ತಲೆಯಲ್ಲಿರೋದು ಡಬ್ಬದ ಮೇಲೆ ಬರಬೇಕು.

ಆ ವಾರದ ಕೊನೆಗೆ ಎಲ್ಲ ಕಪಾಟು ಖಾಲಿ ಮಾಡಿ ಹೊರಗೆ ಸಾಲಾಗಿ ಇಟ್ವಿ. ಹನ್ನೊಂದು ಡಬ್ಬದ ಮೇಲೆ ಏನೂ ಇರ್ಲಿಲ್ಲ. ಕೆಲವರು ಮೂಸಿ ನೋಡೋಣ ಅಂದ್ರು, ನಾನು ಬೇಡ ಅಂದೆ, ಮೂಸಿ ಕಂಡುಹಿಡಿಯೋದು ಅಂದ್ರೆ ಅದನ್ನ ಶ್ವಾಸಕೋಶಕ್ಕೆ ತಗೊಳ್ಳೋದೇ. ಆ ಹನ್ನೊಂದನ್ನೂ ಅಪಾಯಕಾರಿ ತ್ಯಾಜ್ಯ ತಗೊಳ್ಳೋ ಲೈಸೆನ್ಸ್ ಇರೋರಿಗೆ ಕೊಟ್ವಿ. ಒಳಗೇನಿದೆ ಗೊತ್ತಿಲ್ಲ ಅಂದ್ರೆ ಅವರು ಮೊದಲು ಟೆಸ್ಟ್ ಮಾಡ್ಬೇಕು, ಅದಕ್ಕೆ ಖರ್ಚು ಜಾಸ್ತಿ, ಗೊತ್ತಿದ್ದ ಡಬ್ಬಗಳಿಗಿಂತ ಗೊತ್ತಿಲ್ಲದ ಆ ಹನ್ನೊಂದಕ್ಕೇ ನಮ್ಮ ದುಡ್ಡು ಹೆಚ್ಚು ಹೋಯ್ತು.

ಲೇಬಲ್ ವಿಷಯ ಹೇಳ್ತೀನಿ, ಸಣ್ಣದು ಅನ್ಸತ್ತೆ, ಆದ್ರೆ ನಾವು ಎರಡು ಸಲ ತಪ್ಪು ಮಾಡಿ ಕಲಿತ್ವಿ. ಮೊದಲು ಪರ್ಮನೆಂಟ್ ಮಾರ್ಕರಲ್ಲಿ ಬರೆದ್ವಿ. ಅಸಿಟೋನ್ ಬಾಟಲಿಯಿಂದ ಒಂದು ಹನಿ ಪಕ್ಕದಲ್ಲಿ ಇಳಿದ್ರೆ ಸಾಕು, ಅಕ್ಷರ ಎಲ್ಲ ಕರಗಿ ಹೋಗತ್ತೆ, ಆಲ್ಕೋಹಾಲೂ ಹಾಗೇನೇ. ಪ್ರಿಂಟ್ ತೆಗೆದ ಸ್ಟಿಕ್ಕರ್ ಎಣ್ಣೆ ಹಿಡಿದು ಕಿತ್ಕೊಂಡು ಬಂತು. ಈಗ ಮಾಸ್ಕಿಂಗ್ ಟೇಪ್ ಮೇಲೆ ಪೆನ್ಸಿಲಲ್ಲಿ ಬರೆದು ಅದರ ಮೇಲೆ ಅಗಲದ ಪಾರದರ್ಶಕ ಟೇಪ್ ಸುತ್ತುತೀವಿ, ಪೆನ್ಸಿಲ್ ಗೆರೆ ಯಾವ ಸಾಲ್ವೆಂಟಿಗೂ, ಅಂದ್ರೆ ಅಸಿಟೋನ್ ಥಿನ್ನರ್ ತರ ಬೇರೆದನ್ನ ಕರಗಿಸೋ ದ್ರವಕ್ಕೂ, ಕರಗಲ್ಲ. ಬರೆಯೋದು ಇಷ್ಟೇ: ಒಳಗೇನಿದೆ, ಏನು ಮಾಡತ್ತೆ ಅಂದ್ರೆ ಉರಿಯತ್ತಾ ಸುಡತ್ತಾ ವಿಷಾನಾ, ಯಾರದ್ದು ಅವರ ಫೋನ್ ನಂಬರ್ ಸಮೇತ, ಯಾವತ್ತು ತೆರೆದಿದ್ದು. ಕುಡಿಯೋ ತಿನ್ನೋ ವಸ್ತು ಇದ್ದ ಡಬ್ಬಕ್ಕೆ ಕೆಮಿಕಲ್ ಹಾಕೋ ಹಾಗೇ ಇಲ್ಲ, ಲೇಬಲ್ ಹಾಕಿದ್ರೂ ಇಲ್ಲ.

ಹೊಸ ಕೆಮಿಕಲ್ ತರೋರು ಅದರ ಸೇಫ್ಟಿ ಡೇಟಾ ಶೀಟ್, ಅಂದ್ರೆ ಅಪಾಯ ಏನು ಹೇಗೆ ಬಳಸ್ಬೇಕು ಅಂತ ತಯಾರಕರು ಕೊಡೋ ಮಾಹಿತಿ ಪತ್ರ, ಮೊದಲೇ ಕಳಿಸ್ಬೇಕು, ನಾನೋ ಇನ್ನೊಬ್ರೋ ಓದಿ ಹೂಂ ಅಂದ ಮೇಲೇನೇ ತರೋದು. ಶೀಟ್ ಅಂದ್ರೆ ಜನ ಹೆದರ್ತಾರೆ, ಹತ್ತು ಹದಿನೈದು ಪುಟ ಇರತ್ತೆ ಅಂತ. ಆದ್ರೆ ಕೆಮಿಕಲ್ ಅಪಾಯ ಎಲ್ಲ ಕಡೆ ಒಂದೇ ತರ ತಿಳಿಸೋಕೆ ವಿಶ್ವಸಂಸ್ಥೆ ಮಾಡಿದ ಜಿಹೆಚ್‌ಎಸ್ ಅನ್ನೋ ಪದ್ಧತಿ ಪ್ರಕಾರ ಬರೆದ ಶೀಟಲ್ಲಿ 16 ವಿಭಾಗ, ಅದೇ ಕ್ರಮದಲ್ಲೇ ಇರತ್ತೆ, ಹಾಗಾಗಿ ಎಲ್ಲಿ ನೋಡ್ಬೇಕು ಅಂತ ಒಂದ್ಸಲ ಗೊತ್ತಾದ್ರೆ ಐದು ನಿಮಿಷದ ಕೆಲಸ. ನಾವು ಕಡ್ಡಾಯವಾಗಿ ಓದೋದು 4, 7, 8, 10, 13, ಅಂದ್ರೆ ಪ್ರಥಮ ಚಿಕಿತ್ಸೆ, ಇಡೋ ವಿಧಾನ, ಕೈಗವಸು ಮಾಸ್ಕು, ಯಾವುದರ ಜೊತೆ ಸೇರಬಾರದು, ಬಿಸಾಡೋದು ಹೇಗೆ. 9ನೇದರಲ್ಲಿ ಫ್ಲ್ಯಾಶ್ ಪಾಯಿಂಟ್ ಇರತ್ತೆ, ಕನಿಷ್ಠ ಎಷ್ಟು ಡಿಗ್ರಿ ಇದ್ರೆ ಅದರ ಆವಿ ಕಿಡಿ ತಾಗಿ ಹತ್ಕೊಳ್ಳತ್ತೆ ಅನ್ನೋ ಲೆಕ್ಕ. ಅಸಿಟೋನಿಗೆ ಅದು ಸುಮಾರು ಮೈನಸ್ 20 ಡಿಗ್ರಿ ಸೆಲ್ಸಿಯಸ್, ಐಸೊಪ್ರೊಪೈಲ್ ಆಲ್ಕೋಹಾಲಿಗೆ ಸುಮಾರು 12. ಅಂದ್ರೆ ಮಾಮೂಲಿ ರೂಮಲ್ಲಿ ಮುಚ್ಚಳ ತೆಗೆದ ಕ್ಷಣದಿಂದ ಅದು ತಯಾರಾಗೇ ಇರತ್ತೆ. ಮೇಲಾಗಿ ಅಸಿಟೋನ್ ಆವಿ ಗಾಳಿಗಿಂತ ಸುಮಾರು ಎರಡು ಪಟ್ಟು ಭಾರ, ಮೇಲೆ ಹೋಗಲ್ಲ, ನೆಲ ಹಿಡ್ಕೊಂಡು ಹರಿಯತ್ತೆ. ನಮ್ಮ ಎಕ್ಸಾಸ್ಟ್ ಫ್ಯಾನ್ ಛಾವಣಿ ಹತ್ರ ಇತ್ತು, ಈ ಕಡೆ ಒಬ್ರು ಅಸಿಟೋನಲ್ಲಿ ಒರೆಸ್ತಾ ಇದ್ರೆ ಆ ಕಡೆ ಗ್ರೈಂಡರ್ ಕಿಡಿ ನೆಲಕ್ಕೆ ಬೀಳ್ತಿತ್ತು, ಅದು ಹೊಳೆಯೋಕೆ ನಂಗೆ ಒಂದು ವರ್ಷ ಹಿಡೀತು. ಈಗ ಸಾಲ್ವೆಂಟ್ ತೆರೆಯೋರು ಬಾಗಿಲ ಹತ್ರ ಕೆಂಪು ಬೋರ್ಡ್ ತಿರುಗಿಸಿ ಇಡ್ತಾರೆ, ಅದು ಕೆಂಪಿರೋವರೆಗೂ ಗ್ರೈಂಡಿಂಗ್ ವೆಲ್ಡಿಂಗ್ ಏನೂ ಶುರು ಮಾಡೋ ಹಾಗಿಲ್ಲ.

ನಾನು ಅತಿ ಹೆಚ್ಚು ಜಗಳ ಆಡಿದ್ದು ಎಣ್ಣೆ ಬಟ್ಟೆ ವಿಷಯಕ್ಕೆ. ಮರಕ್ಕೆ ಪಾಲಿಶ್ ಮಾಡೋಕೆ ಬಳಸೋ ಅಗಸೆ ಎಣ್ಣೆಯ ಫ್ಲ್ಯಾಶ್ ಪಾಯಿಂಟ್ 200 ಡಿಗ್ರಿಗಿಂತ ಮೇಲಿದೆ, ಕಿಡಿ ತಾಗಿದ್ರೂ ಸುಲಭಕ್ಕೆ ಹತ್ಕೊಳ್ಳಲ್ಲ, ಆದ್ರೆ ಅದನ್ನ ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೆದ್ರೆ ಯಾರೂ ಮುಟ್ಟದೆ ತಾನಾಗೇ ಹತ್ಕೊಳ್ಳಬಹುದು. ಯಾಕಂದ್ರೆ ಆ ಎಣ್ಣೆ ಒಣಗೋದು ಆವಿಯಾಗಿ ಅಲ್ಲ, ಗಾಳಿಯ ಆಮ್ಲಜನಕ ಹೀರ್ಕೊಂಡು ಗಟ್ಟಿಯಾಗತ್ತೆ, ಹಾಗೆ ಆಗುವಾಗ ಬಿಸಿ ಬಿಡತ್ತೆ. ಹರಡಿದ ಬಟ್ಟೆಯಲ್ಲಿ ಆ ಬಿಸಿ ಹೊರಟು ಹೋಗತ್ತೆ, ಮುದ್ದೆಯಲ್ಲಿ ಒಳಗೇ ಕೂಡಿ ಇನ್ನೂ ಜೋರಾಗತ್ತೆ. ನಮ್ಮಲ್ಲಿ ಮರಗೆಲಸದ ಹಿರಿಯರೊಬ್ರು ಇದಾರೆ, ಅವರ ಕೈ ಕೆಲಸದ ಮೇಲೆ ನಂಗೆ ತುಂಬಾ ಗೌರವ, ಅವರು "ನೋಡಪ್ಪ, ಮೂವತ್ತು ವರ್ಷದಿಂದ ಪಾಲಿಶ್ ಮಾಡ್ತಿದೀನಿ, ಒಂದು ದಿನಾನೂ ಬಟ್ಟೆ ಹತ್ಕೊಂಡಿದ್ದು ನೋಡಿಲ್ಲ" ಅಂದ್ರು. ವಾದ ಮಾಡೋದು ಬಿಟ್ಟು ಅವರದೇ ಬಟ್ಟೆ ನಾಲ್ಕೈದು ತಗೊಂಡು ಹೊರಗೆ ಕಾಂಕ್ರೀಟ್ ಮೇಲೆ ತಗಡಿನ ಡಬ್ಬದಲ್ಲಿ ಮುದ್ದೆ ಮಾಡಿಟ್ಟು ನಡುವೆ ಥರ್ಮಾಮೀಟರ್ ತಂತಿ ತೂರಿಸಿ, ಪಕ್ಕದಲ್ಲಿ ಎರಡು ಬಕೆಟ್ ನೀರು ಇಟ್ಕೊಂಡು ಇಬ್ರೂ ಕೂತ್ವಿ. ಮೊದಲ ಗಂಟೆ ಏನೂ ಇಲ್ಲ. ಆಮೇಲೆ ಏರೋಕೆ ಶುರುವಾಗಿ 60 ಡಿಗ್ರಿ ದಾಟಿದಾಗ ಅವರೇ ಎದ್ದು ನೀರು ಸುರಿದ್ರು.

1991ರ ಫೆಬ್ರವರಿ 23ರ ರಾತ್ರಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒನ್ ಮೆರಿಡಿಯನ್ ಪ್ಲಾಜಾ ಅನ್ನೋ 38 ಮಹಡಿ ಕಟ್ಟಡಕ್ಕೆ ಬೆಂಕಿ ಬಿದ್ದಿದ್ದು ಇದರಿಂದಾನೇ, 22ನೇ ಮಹಡಿಯಲ್ಲಿ ಮರದ ಪ್ಯಾನೆಲ್ ಪಾಲಿಶ್ ಮಾಡ್ತಿದ್ದವರು ಅಗಸೆ ಎಣ್ಣೆ ಬಟ್ಟೆ ಬಿಟ್ಟು ಹೋಗಿದ್ರು. ಮೂರು ಜನ ಅಗ್ನಿಶಾಮಕ ಸಿಬ್ಬಂದಿ ತೀರ್ಕೊಂಡ್ರು. ಬೆಂಕಿ 30ನೇ ಮಹಡಿಯಲ್ಲಿ ತಾನಾಗೇ ನೀರು ಚಿಮ್ಮೋ ಸ್ಪ್ರಿಂಕ್ಲರ್ ಸಿಕ್ಕಿದ ಮೇಲೇನೇ ನಿಂತಿದ್ದು. ಆ ಬಟ್ಟೆ ಬಿಟ್ಟವರೂ ಕೆಲಸ ಮುಗಿಸಿ ಮನೆಗೆ ಹೋದವರೇ, ಇದನ್ನ ನಾನು ಪ್ರತಿ ಹೊಸ ಮೆಂಬರಿಗೂ ಹೇಳ್ತೀನಿ. ನಮ್ಮಲ್ಲಿ ಈಗ ಮುಚ್ಚಳ ಇರೋ ತಗಡಿನ ಡಬ್ಬದಲ್ಲಿ ನೀರು ತುಂಬಿಟ್ಟಿರ್ತೀವಿ, ಎಣ್ಣೆ ಬಟ್ಟೆ ಸೀದಾ ಅದಕ್ಕೆ, ಇಲ್ಲಾಂದ್ರೆ ಹೊರಗೆ ತಂತಿ ಮೇಲೆ ಒಂದೊಂದಾಗಿ ಹರಡಿ ಒಣಗಿಸೋದು.

ಕಪಾಟಲ್ಲಿ ಜೋಡಿಸೋದಕ್ಕೆ ನಾವು ಅಕ್ಷರಮಾಲೆ ಕ್ರಮ ಇಟ್ಟಿದ್ವಿ, ಚೆಂದ ಕಾಣ್ತಿತ್ತು, ಆದ್ರೆ ಅದು ಪೂರ್ತಿ ತಪ್ಪು. ಆಸಿಡ್ ಪಕ್ಕದಲ್ಲೇ ಬ್ಲೀಚ್ ಬಂದು ಕೂತಿತ್ತು, ಎರಡೂ ಸೋರಿ ಸೇರಿದ್ರೆ ಕ್ಲೋರಿನ್ ಗ್ಯಾಸ್. ಬ್ಲೀಚಿಗೆ ಅಮೋನಿಯಾ ಸೇರಿದ್ರೆ ಕ್ಲೋರಮೀನ್, ಅದೂ ಉಸಿರು ಕಟ್ಟಿಸತ್ತೆ. ಈಗ ಉರಿಯೋದು ಒಂದು ಕಬ್ಬಿಣದ ಕಪಾಟು, ಆಸಿಡ್‌ಗಳು ಪ್ಲಾಸ್ಟಿಕ್ ಟ್ರೇಯಲ್ಲಿ ಬೇರೆ ಕಡೆ, ಬ್ಲೀಚ್ ಪೆರಾಕ್ಸೈಡ್ ತರದವು ಅವೆರಡರಿಂದಲೂ ದೂರ. ಹೈಡ್ರೋಕ್ಲೋರಿಕ್ ಆಸಿಡ್ ಮಾತ್ರ ಕಟ್ಟಡದ ಹೊರಗಿನ ಪೆಟ್ಟಿಗೆಯಲ್ಲಿ, ಮುಚ್ಚಳ ಬಿಗಿಯಾಗಿದ್ರೂ ಅದರ ಹಬೆ ಸ್ವಲ್ಪ ಹೊರಗೆ ಬರ್ತಾನೇ ಇರತ್ತೆ, ಮೊದಲು ಅದು ಒಳಗಿದ್ದಾಗ ಅದೇ ಕಪಾಟಲ್ಲಿದ್ದ ನಮ್ಮ ಡ್ರಿಲ್ ಬಿಟ್ ಸೆಟ್ ಪೂರ್ತಿ ತುಕ್ಕು ಹಿಡಿದು ಹೋಗಿತ್ತು. ಆಸಿಡ್ ತೆಳು ಮಾಡುವಾಗ ನೀರಿಗೆ ಆಸಿಡ್ ಹಾಕೋದು, ಆಸಿಡ್‌ಗೆ ನೀರು ಹಾಕೋದಲ್ಲ. ಹೈಡ್ರೋಫ್ಲೋರಿಕ್ ಆಸಿಡ್ ಇರೋ ತುಕ್ಕು ತೆಗೆಯೋ ದ್ರವ ಬಾಗಿಲೊಳಗೇ ಬರೋ ಹಾಗಿಲ್ಲ.

ಇನ್ನು ನೋಡೋಕೆ ಕೆಮಿಕಲ್ ಅಂತ ಅನ್ಸದೇ ಇರೋವು. ಲೇಸರ್ ಕಟ್ಟರಲ್ಲಿ ಪಿವಿಸಿ ಶೀಟ್ ಕತ್ತರಿಸಿದ್ರೆ ಹೈಡ್ರೋಜನ್ ಕ್ಲೋರೈಡ್ ಬರತ್ತೆ, ಮೆಷಿನ್ನಿನ ಕಬ್ಬಿಣಾನೂ ತಿನ್ನತ್ತೆ ನಮ್ಮ ಶ್ವಾಸಕೋಶಾನೂ ತಿನ್ನತ್ತೆ, ರೆಕ್ಸಿನ್ ಅಂತ ತರೋದು ಎಷ್ಟೋ ಸಲ ಪಿವಿಸಿಯೇ ಆಗಿರತ್ತೆ. ಗೊತ್ತಾಗದೇ ಇದ್ದಾಗ ತಾಮ್ರದ ತಂತಿ ಕೆಂಪಗೆ ಕಾಯಿಸಿ ಶೀಟಿನ ಅಂಚಿಗೆ ತಾಗಿಸಿ ಮತ್ತೆ ಜ್ವಾಲೆಗೆ ಹಿಡೀತೀವಿ, ಹೊರಗೆ ಗಾಳಿಯಲ್ಲಿ ನಿಂತು. ಹಸಿರು ಜ್ವಾಲೆ ಬಂದ್ರೆ ಕ್ಲೋರಿನ್ ಇದೆ ಅನ್ನೋ ಗುಮಾನಿ, ಶೀಟ್ ವಾಪಸ್. ವೆಲ್ಡಿಂಗ್‌ನವರಿಗೆ ಒಂದು ಮಾತು ದೊಡ್ಡ ಅಕ್ಷರದಲ್ಲಿ ಗೋಡೆ ಮೇಲೆ ಬರೆದಿದೀವಿ, ಕ್ಲೋರಿನ್ ಇರೋ ಬ್ರೇಕ್ ಕ್ಲೀನರ್‌ನಲ್ಲಿ ಒರೆಸಿದ ಭಾಗಕ್ಕೆ ಆರ್ಕ್ ಹೊಡೀಬೇಡಿ ಅಂತ. ಆ ಬಿಸಿ ಮತ್ತೆ ಅತಿನೇರಳೆ ಕಿರಣಕ್ಕೆ ಅದು ಫಾಸ್ಜೀನ್ ಆಗಬಹುದು, ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟಿದ್ದು ಅದೇ ಗ್ಯಾಸ್, ಉಸಿರಾಟದ ತೊಂದರೆ ಕೆಲವು ಗಂಟೆ ಬಿಟ್ಟು ಶುರುವಾಗೋದೂ ಇದೆ, ಅಷ್ಟೊತ್ತಿಗೆ ಮನುಷ್ಯ ಮನೆಯಲ್ಲಿ ಮಲಗಿರ್ತಾನೆ. ಸತು ಲೇಪನ ಇರೋ ಕಬ್ಬಿಣ ವೆಲ್ಡ್ ಮಾಡಿದವರೊಬ್ರಿಗೆ ರಾತ್ರಿ ಚಳಿ ಜ್ವರ ಬಂದು ಫ್ಲೂ ಅಂದ್ಕೊಂಡಿದ್ರು, ಅದು ಸತುವಿನ ಹೊಗೆಯಿಂದ ಬರೋ ಜ್ವರ. ಈಗ ವೆಲ್ಡ್ ಮಾಡೋ ಜಾಗದ ಲೇಪನ ಮೊದಲೇ ತೆಗೀತಾರೆ.

ಕೈಗವಸು ಹಾಕ್ಕೊಂಡ್ರೆ ಮುಗೀತು ಅನ್ನೋ ಭಾವನೆ ನಂಗೂ ಇತ್ತು. ನೀಲಿ ನೈಟ್ರೈಲ್ ಕೈಗವಸಿನಿಂದ ಅಸಿಟೋನ್ ಕೆಲವೇ ನಿಮಿಷದಲ್ಲಿ ಒಳಗೆ ಬರತ್ತೆ, ಅದಕ್ಕೆ ಬ್ಯೂಟೈಲ್ ರಬ್ಬರ್ ಬೇಕು. 1996ರಲ್ಲಿ ಅಮೆರಿಕದ ಡಾರ್ಟ್‌ಮೌತ್ ಕಾಲೇಜಿನ ರಸಾಯನಶಾಸ್ತ್ರದ ಪ್ರೊಫೆಸರ್ ಕ್ಯಾರೆನ್ ವೆಟ್ಟರ್‌ಹಾನ್ ಅವರ ಲೇಟೆಕ್ಸ್ ಕೈಗವಸಿನ ಮೇಲೆ ಡೈಮಿಥೈಲ್ ಮರ್ಕ್ಯುರಿ ಅನ್ನೋ ಪಾದರಸದ ವಿಷ ಕೆಲವೇ ಹನಿ ಬಿದ್ದಿತ್ತು, 1997ರ ಜೂನಲ್ಲಿ ಅವರು ತೀರ್ಕೊಂಡ್ರು. ಅಂಥ ವಸ್ತು ನಮ್ಮ ಹತ್ರ ಇಲ್ಲ, ಆದ್ರೆ ಅಷ್ಟು ತಿಳಿದವರಿಗೂ ಆ ಕೈಗವಸು ಅದನ್ನ ತಡೆಯಲ್ಲ ಅಂತ ಆಗ ಗೊತ್ತಿರ್ಲಿಲ್ಲ ಅನ್ನೋದು ನನ್ನನ್ನ ಕಾಡತ್ತೆ. ಹಾಗಾಗಿ ಕೈಗವಸು ಕಂಪನಿ ಕೊಡೋ ಚಾರ್ಟ್ ಪ್ರಿಂಟ್ ತೆಗೆದು ಕೈಗವಸು ಡಬ್ಬದ ಮೇಲೇ ಅಂಟಿಸಿದೀವಿ. ಮಾಸ್ಕೂ ಅಷ್ಟೇ, ಧೂಳಿನ ಮಾಸ್ಕ್ ಆವಿ ತಡೆಯಲ್ಲ, ಅದಕ್ಕೆ ಇದ್ದಿಲಿನ ಕಾರ್ಟ್ರಿಜ್ ಬೇಕು, ಅದು ಸುಮ್ನೆ ಹೊರಗೆ ಇಟ್ರೂ ಗಾಳಿಯಲ್ಲಿರೋದನ್ನ ಹೀರ್ತಾ ಖಾಲಿಯಾಗತ್ತೆ, ಮುಚ್ಚಿದ ಕವರಲ್ಲಿ ತಾರೀಖು ಬರೆದು ಇಡ್ಬೇಕು. ಐಸೊಸಯನೇಟ್ ಅನ್ನೋ ಗಟ್ಟಿ ಮಾಡೋ ಕೆಮಿಕಲ್ ಇರೋ, ಬಳಸುವಾಗ ಕಲಸೋ ಎರಡು ಭಾಗದ ಪೇಂಟ್ ಸ್ಪ್ರೇ ಮಾಡೋಕೆ ಕೇಳಿದವರಿಗೆ ನಾವು ಇಲ್ಲ ಅಂದ್ವಿ. ಕಾರ್ಟ್ರಿಜ್ ಮುಗಿದಿದ್ದು ವಾಸನೆಯಿಂದ ಗೊತ್ತಾಗಲ್ಲ, ಒಂದ್ಸಲ ಮೈಗೆ ಅಲರ್ಜಿ ಕೂತ್ರೆ ಆಮೇಲೆ ಸ್ವಲ್ಪ ಇದ್ರೂ ಅಸ್ತಮಾ ಬರತ್ತೆ, ಪಕ್ಕದಲ್ಲಿ ಕೆಲಸ ಮಾಡ್ತಿರೋನಿಗೂ. ಕೇಳಿದವರು ಬೇಜಾರು ಮಾಡ್ಕೊಂಡು ಮೆಂಬರ್‌ಶಿಪ್ ಬಿಟ್ರು, ಆ ನಿರ್ಧಾರ ಸರಿ ಅಂತಾನೇ ಈಗಲೂ ಅಂದ್ಕೊಂಡಿದೀನಿ.

ಕಣ್ಣು ತೊಳೆಯೋ ನಲ್ಲಿ ಹಾಕಿಸಿದ್ವಿ, ಕಣ್ಣಿಗೆ ಏನಾದ್ರೂ ಬಿದ್ರೆ ಕನಿಷ್ಠ 15 ನಿಮಿಷ ನೀರು ಬಿಡ್ತಾನೇ ಇರ್ಬೇಕು. ಒಂದು ತಿಂಗಳಲ್ಲಿ ಅದರ ಮುಂದೆ ಪ್ಲೈವುಡ್ ತುಂಡುಗಳು ಬಂದು ನಿಂತ್ವು. ಆಗ ಒಂದು ಪರೀಕ್ಷೆ ಶುರು ಮಾಡಿದ್ವಿ, ಆಸಿಡ್ ಟೇಬಲ್ಲಿಂದ ಕಣ್ಣು ಮುಚ್ಕೊಂಡು ನಲ್ಲಿ ತನಕ ನಡೀಬೇಕು, ಜೊತೆಗೊಬ್ರು ಇರ್ತಾರೆ, ಹತ್ತು ಸೆಕೆಂಡಲ್ಲಿ ಮುಟ್ಟೋಕಾಗ್ಲಿಲ್ಲ ಅಂದ್ರೆ ಅಡ್ಡ ಇರೋದೆಲ್ಲ ತೆಗೀಬೇಕು. ನಾನೇ ಮೊದಲು ನಡೆದೆ, ಮೊಣಕಾಲು ಪ್ಲೈವುಡ್ಡಿಗೆ ಬಡಿದು ಅಲ್ಲೇ ನಿಂತೆ, ಆಮೇಲೆ ಯಾರೂ ಅಲ್ಲಿ ಏನೂ ಇಟ್ಟಿಲ್ಲ.

ಬಿಸಾಡೋದು ಇನ್ನೂ ಪೂರ್ತಿ ಸರಿಯಾಗಿಲ್ಲ. ತಂದವರೇ ಉಳಿದಿದ್ದನ್ನ ವಾಪಸ್ ತಗೊಂಡು ಹೋಗ್ಬೇಕು, ಮುಚ್ಚಳ ತೆಗೆದಿಟ್ಟು ಆವಿ ಮಾಡಿ ಖಾಲಿ ಮಾಡೋ ಹಾಗಿಲ್ಲ, ಸರ್ಕ್ಯೂಟ್ ಬೋರ್ಡ್ ಎಚ್ಚಿಂಗ್, ಅಂದ್ರೆ ಬೇಡದ ತಾಮ್ರ ಕರಗಿಸೋ ಕೆಲಸ, ಮಾಡಿದ ಫೆರಿಕ್ ಕ್ಲೋರೈಡ್ ಸಿಂಕಿಗೆ ಸುರಿಯೋ ಹಾಗಿಲ್ಲ, ಅದರಲ್ಲಿ ಕರಗಿರೋ ತಾಮ್ರ ನೀರಲ್ಲಿರೋ ಜೀವಗಳಿಗೆ ವಿಷ. ಉಬ್ಬಿದ ಲಿಥಿಯಂ ಬ್ಯಾಟರಿಗಳನ್ನ ಹೊರಗೆ ಮರಳು ತುಂಬಿದ ತಗಡಿನ ಡಬ್ಬದಲ್ಲಿ ಇಡ್ತೀವಿ, ತಗೊಳ್ಳೋರು ಬರೋದು ತಡ ಆಗತ್ತೆ, ಡಬ್ಬ ತುಂಬ್ತಾ ಹೋದಾಗೆಲ್ಲ ನಂಗೆ ನಿದ್ದೆ ಸರಿ ಬರಲ್ಲ.

ಹೋದ ತಿಂಗಳು ರಾತ್ರಿ ಹತ್ತು ಗಂಟೆಗೆ ಒಬ್ಬ ಹುಡುಗಿ ಫೋನ್ ಮಾಡಿದ್ಲು, ಶೆಲ್ಫಿಂದ ಒಂದು ಬಾಟಲಿ ಬಿದ್ದು ಕಂದು ಬಣ್ಣದ್ದೇನೋ ನೆಲದ ಮೇಲೆ ಹರಿದಿದೆ ಅಂತ. ನಾನು ಕೇಳೋಕೆ ಮುಂಚೇನೇ "ಅಣ್ಣ, ಫೆರಿಕ್ ಕ್ಲೋರೈಡ್, ಸುಡತ್ತೆ ಅಂತ ಬರೆದಿದೆ, ಅದರ ಮೇಲಿದ್ದ ನಂಬರಿಗೂ ಮಾಡಿದೆ, ಅವರು ಬರ್ತಿದಾರೆ, ಕೈಗವಸು ಕನ್ನಡಕ ಹಾಕ್ಕೊಂಡು ಸುತ್ತ ಮರಳು ಹಾಕಿದೀನಿ, ಇನ್ನೇನಾದ್ರೂ ಮಾಡ್ಬೇಕಾ?" ಅಂದ್ಲು. ಇಲ್ಲ, ಅವರು ಬರೋವರೆಗೂ ಕಿಟಕಿ ತೆಗೆದು ದೂರ ಇರು ಅಂದೆ. ಬೆಳಗ್ಗೆ ಹೋದಾಗ ನೆಲದ ಮೇಲೆ ಕಂದು ಕಲೆ ಇತ್ತು, ಆ ಬಾಟಲಿ ಇಡೋ ಜಾಗದಲ್ಲಿ ಆಳದ ಒಂದು ಪ್ಲಾಸ್ಟಿಕ್ ಟ್ರೇ ಹೊಸದಾಗಿ ಬಂದು ಕೂತಿತ್ತು.