ಮೊದಲು ಸ್ನಾನ, ಆಮೇಲೆ ಉಯ್ಯಾಲೆ

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ನಾವು ಹೋಗಿದ್ದು ಮಗನ ಕಿವಿ ತೋರಿಸಲು. ಎರಡೂವರೆ ವರ್ಷವಾದರೂ ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಬಿಸ್ಕತ್ತಿನ ಪೊಟ್ಟಣ ಬಿಚ್ಚಿದ ಸದ್ದಿಗೆ ಮಾತ್ರ ಒಳಮನೆಯಿಂದ ಓಡಿ ಬರುತ್ತಿದ್ದ. ನಿದ್ದೆ ಮಾಡಿಸಿ ಮಾಡುವ ಬೇರಾ (BERA) ಎಂಬ ಶ್ರವಣ ಪರೀಕ್ಷೆಯಲ್ಲಿ ಕಿವಿ ಸರಿಯಿದೆ ಎಂದು ಬಂತು. ಆಮೇಲೆ ಕೇಳಿದ್ದು ಬೇರೆ ಥರದ ಪ್ರಶ್ನೆಗಳು. ಬೇಕಾದ್ದನ್ನು ಬೆರಳು ತೋರಿಸಿ ಕೇಳುತ್ತಾನಾ? ಏನಾದರೂ ಕಂಡರೆ ನಿಮಗೂ ತೋರಿಸುತ್ತಾನಾ? ಆಟದ ಕಾರು ಓಡಿಸುತ್ತಾನಾ, ಬರೀ ಚಕ್ರ ತಿರುಗಿಸುತ್ತಾ ಕೂರುತ್ತಾನಾ? ಆಟಿಸಂ ಎಂದು ಅವರು ಹೇಳುವ ಹೊತ್ತಿಗೆ ನನಗೆ ಅರ್ಧ ಗೊತ್ತಾಗಿಹೋಗಿತ್ತು.

ಮನೆಯಲ್ಲಿ ಅತ್ತೆ ಒಪ್ಪಲಿಲ್ಲ. "ಗಂಡು ಮಕ್ಳು ಮಾತಾಡೋದೇ ತಡ ಕಣಮ್ಮ, ಇವರಪ್ಪನೂ ಮೂರು ವರ್ಷಕ್ಕೆ ಬಾಯಿ ಬಿಟ್ಟಿದ್ದು" ಅಂದರು. ಮಾವನ ಪ್ರಕಾರ ಎಲ್ಲಕ್ಕೂ ಮೊಬೈಲೇ ಕಾರಣ, ಅಂದರೆ ಸುತ್ತಿ ಬಳಸಿ ನಾನೇ ಕಾರಣ. ನಾನಾಗಲಿ ನನ್ನ ಗಂಡನಾಗಲಿ ವಾದಕ್ಕೆ ಇಳಿಯಲಿಲ್ಲ. ಮುಂದಿನ ಸಲ ಇಬ್ಬರನ್ನೂ ಜೊತೆಗೆ ಕರೆದುಕೊಂಡು ಹೋದೆವು. ಇದು ಹುಟ್ಟಿನಿಂದ ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ, ಸಾಕಿದವರ ತಪ್ಪಲ್ಲ ಎಂದು ಥೆರಪಿಸ್ಟ್ ಬಾಯಿಂದಲೇ ಕೇಳಿಸಿಕೊಂಡ ಮೇಲೆ ಅತ್ತೆ ಕೇಳಿದ ಮೊದಲ ಮಾತು, "ಹಾಗಾದ್ರೆ ನಾನೇನು ಮಾಡ್ಬೇಕು?" ಅವತ್ತಿನಿಂದ ಅವರಷ್ಟು ಶ್ರದ್ಧೆಯಿಂದ ಕಲಿತವರು ನಮ್ಮ ಮನೆಯಲ್ಲಿ ಇನ್ನೊಬ್ಬರಿಲ್ಲ.

ಥೆರಪಿ ವಾರದಲ್ಲಿ ಕೆಲವೇ ಗಂಟೆ, ಉಳಿದದ್ದೆಲ್ಲ ಮನೆಯಲ್ಲೇ ಆಗಬೇಕು. ಅಲ್ಲಿ ಹೇಳಿಕೊಟ್ಟಂತೆ ಚಿತ್ರದ ಕಾರ್ಡುಗಳಿಂದ ಶುರು ಮಾಡಿದೆವು. ಅಂಗಡಿಯಲ್ಲಿ ಸಿಗುವ ಚಾರ್ಟಿನ ಗಾಜಿನ ಲೋಟ ಅವನಿಗೆ ಲೋಟವೇ ಅಲ್ಲ. ಅವನು ಕುಡಿಯುವ ಸ್ಟೀಲ್ ಲೋಟ, ನಮ್ಮ ಹಜಾರದ ಉಯ್ಯಾಲೆ, ಅವನ ನೀಲಿ ಬಕೆಟ್ಟು ಇವುಗಳ ಫೋಟೊ ತೆಗೆದು ಲ್ಯಾಮಿನೇಟ್ ಮಾಡಿಸಿದೆ. ನಾನು ಎದುರಿಗೆ ಲೋಟ ಹಿಡಿದು ಕೂರುವುದು, ಅತ್ತೆ ಅವನ ಬೆನ್ನ ಹಿಂದೆ ಕೂತು, ಏನೂ ಮಾತಾಡದೆ, ಕೈ ಹಿಡಿದು ಕಾರ್ಡು ನನ್ನ ಕೈಗೆ ಕೊಡಿಸುವುದು. ಕೊಟ್ಟ ಕ್ಷಣವೇ "ನೀರು" ಎಂದು ಹೇಳಿ ನೀರು ಕೊಡಬೇಕು, ಕಾಯಿಸಬಾರದು. ಕಾರ್ಡು ಕೊಟ್ಟರೆ ಮಾತೇ ಬರುವುದಿಲ್ಲ ಎಂದು ಹೆದರಿಸಿದವರಿದ್ದರು. ನಮ್ಮಲ್ಲಿ ಆದದ್ದು ಉಲ್ಟಾ: ಕಾರ್ಡು ಕೊಡುತ್ತಾ ಕೊಡುತ್ತಲೇ ಒಂದು ದಿನ "ನೀಯು" ಅಂದ.

ಆಮೇಲೆ ಗೋಡೆಗೆ ಎರಡು ಖಾನೆಯ ಹಲಗೆ. ಮೊದಲು ಸ್ನಾನ, ಆಮೇಲೆ ಉಯ್ಯಾಲೆ. ಮುಂದೆ ಏನಾಗುತ್ತದೆ ಎಂದು ಗೊತ್ತಿಲ್ಲದಿರುವುದೇ ಅವನ ಅರ್ಧ ಅಳುವಿಗೆ ಕಾರಣ ಎಂಬುದು ಆ ಹಲಗೆ ಬಂದ ಮೇಲೆ ಎಲ್ಲರಿಗೂ ಮನದಟ್ಟಾಯಿತು. ಉಳಿದರ್ಧ ಸದ್ದಿನದು. ಮಿಕ್ಸಿ ಹಾಕುವ ಮುಂಚೆ ಹೇಳಿ, ಅವನನ್ನು ಹಿತ್ತಲಿಗೆ ಕಳಿಸಿಯೇ ಹಾಕುತ್ತೇವೆ. ಮದುವೆಮನೆಗೆ ವಾಲಗ ಶುರುವಾಗುವ ಮೊದಲೇ ಹೋಗಿ, ಊಟದ ಹಾಲ್ ತೋರಿಸಿ, ಕಿವಿಗೆ ಹಾಕುವ ಮಫ್ ಕೈಗೆ ಕೊಟ್ಟಿರುತ್ತೇವೆ. ನೆಂಟರು ಏನಾದರೂ ಅಂದರೆ ಉತ್ತರ ಕೊಡುವುದು ಮಾವ.

ಒಂದು ಖಾಸಗಿ ಸೆಂಟರಿನಲ್ಲಿ, ಮಗುವಿಗೆ ಗೊಂದಲವಾಗುತ್ತದೆ, ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ ಎಂದರು. ನಾನು ಒಪ್ಪಲಿಲ್ಲ. ಇಡೀ ದಿನ ಜೊತೆಗಿರುವ ಅಜ್ಜಿಯ ಬಾಯಿ ಮುಚ್ಚಿಸಿ ಮಗುವಿಗೆ ಮಾತು ಕಲಿಸುವುದು ಹೇಗೆ? ಎರಡು ಭಾಷೆ ಕೇಳಿ ಬೆಳೆದರೆ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುತ್ತದೆ ಎಂದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ನಿಮಗೆ ಸಲೀಸಾದ ಭಾಷೆಯಲ್ಲೇ ಮಾತಾಡಿ ಎಂದು ನಮ್ಮ ಸ್ಪೀಚ್ ಥೆರಪಿಸ್ಟ್ ಕೂಡ ಹೇಳಿದರು.

ಬದಲಿಸಬೇಕಾಗಿದ್ದು ನಾವು ಕನ್ನಡ ಆಡುವ ಕ್ರಮವನ್ನು. ಅವನು ಕೇಳಿದ್ದನ್ನು ಕೇಳಿದ ಹಾಗೇ ಹೇಳುತ್ತಿದ್ದ. ಹಸಿವಾದಾಗ ನನ್ನ ಬಳಿ ಬಂದು "ದೋಸೆ ತಿಂತೀಯಾ?" ಅನ್ನುತ್ತಿದ್ದ, ಏಕೆಂದರೆ ದೋಸೆ ಬರುವ ಮುಂಚೆ ಅವನ ಕಿವಿಗೆ ಬೀಳುತ್ತಿದ್ದದ್ದು ಅದೇ ಮಾತು. ಪ್ರಶ್ನೆ ಕೇಳುವುದನ್ನು ಕಡಿಮೆ ಮಾಡಿದೆವು. ಅವನು ಹೇಳಬೇಕಾದ ಮಾತನ್ನು ಅವನ ಪರವಾಗಿ ನಾವೇ ಹೇಳತೊಡಗಿದೆವು: "ದೋಸೆ ತಿಂತೀನಿ." "ನೀರು ಬೇಕು." "ಸಾಕು." ಈ ಕೊನೆಯದು ಬಹಳ ಮುಖ್ಯ. ಸಾಕು ಎನ್ನಲು ಬಂದ ಮೇಲೆ ತಟ್ಟೆ ತಳ್ಳುವುದು, ಕಚ್ಚುವುದು ತಾನಾಗಿ ಇಳಿಯಿತು.

ಕಾಗದಪತ್ರದ ಕೆಲಸವನ್ನು ಮುಂದೆ ಹಾಕಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಐಎಸ್‌ಎಎ ಎಂಬ ಆಟಿಸಂ ಅಳೆಯುವ 40 ಅಂಶಗಳ ಪಟ್ಟಿಯಲ್ಲಿ 70 ಅಂಕ ಮತ್ತು ಅದಕ್ಕಿಂತ ಹೆಚ್ಚು ಬಂದರೆ ಆಟಿಸಂ ಎಂದು ಲೆಕ್ಕ; ಅಂಗವೈಕಲ್ಯ ಪ್ರಮಾಣಪತ್ರ, ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡು ಎಲ್ಲಕ್ಕೂ ಅದೇ ಆಧಾರ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಥೆರಪಿಗೂ ಅದರಲ್ಲಿ ಒಂದು ಪಾಲಿದೆ. ಸೇರಿಸಿಕೊಳ್ಳುವುದಿಲ್ಲ ಎಂದ ಶಾಲೆಯೊಂದರ ಮುಂದೆ ಈ ಕಾಯ್ದೆಯ ಪ್ರತಿ ಹಿಡಿದು ನಿಲ್ಲುವ ಶಕ್ತಿ ನನಗೆ ಆಗ ಇರಲಿಲ್ಲ. ಮನೆ ಹತ್ತಿರದ ಅಂಗನವಾಡಿಯವರು ಕಾರ್ಡುಗಳ ಸಮೇತ ಸೇರಿಸಿಕೊಂಡರು.

ಈಗ ನಡೆಯುತ್ತಿರುವುದು ಕೂದಲು ಕತ್ತರಿಸುವ ಅಭ್ಯಾಸ. ಕಟಿಂಗ್ ಶಾಪಿನ ಬಾಗಿಲು, ಕುರ್ಚಿ, ಬಿಳಿ ಬಟ್ಟೆ, ಕತ್ತರಿಯ ಫೋಟೊಗಳನ್ನು ಸಾಲಾಗಿ ಜೋಡಿಸಿಕೊಂಡು, ಗಿರಾಕಿಗಳಿಲ್ಲದ ಮಧ್ಯಾಹ್ನ ಮಾವ ಅವನನ್ನು ಅಲ್ಲಿಗೆ ಕರೆದೊಯ್ಯುತ್ತಾರೆ. ಕುರ್ಚಿಯವರೆಗೆ ಬಂದಿದ್ದೇವೆ. ಬಿಳಿ ಬಟ್ಟೆ ಕಂಡರೆ ಇನ್ನೂ "ಸಾಕು" ಅನ್ನುತ್ತಾನೆ, ಆಗ ಎದ್ದು ಮನೆಗೆ ಬರುತ್ತಾರೆ.