ಬ್ರಿಟನ್ನಿನ ಡೆಂಟಲ್ ಲ್ಯಾಬ್: ಮಿಲ್ಲಿಂಗ್ ಮಷೀನ್ ಶುರು ಮಾಡುವ ಮುಂಚೆ

ಬ್ರಿಟನ್ನಿಗೆ ಬಂದು ಡೆಂಟಲ್ ಲ್ಯಾಬ್ ತೆರೆಯಬೇಕು ಅನ್ನುವ ನಮ್ಮವರು ಮೊದಲು ಕೇಳೋದು ಮಿಲ್ಲಿಂಗ್ ಮಷೀನ್ ಎಷ್ಟಾಗುತ್ತೆ ಅಂತ. ಅದಕ್ಕೂ ಮುಂಚೆ ಇನ್ನೊಂದು ಗೊತ್ತಿರಬೇಕು. ಕ್ರೌನ್, ಅಂದರೆ ಹಲ್ಲಿನ ಮೇಲೆ ಕೂರಿಸುವ ಕವಚ, ಅದನ್ನು ಕೊರೆಯೋದು ಮಷೀನ್, ಆದರೆ ಕಾನೂನಿನ ಲೆಕ್ಕದಲ್ಲಿ ಅದನ್ನು ತಯಾರಿಸಿದವರು ನೀವು.

ಒಬ್ಬ ರೋಗಿಗೆ ಅಂತಲೇ ಡೆಂಟಿಸ್ಟ್ ಬರೆದುಕೊಟ್ಟಂತೆ ಮಾಡಿದ ಕ್ರೌನ್ ಇಲ್ಲಿ ‘ಕಸ್ಟಮ್ ಮೇಡ್’ ವೈದ್ಯಕೀಯ ಸಾಧನ. ಅದಕ್ಕೆ 2002ರ ಮೆಡಿಕಲ್ ಡಿವೈಸಸ್ ರೆಗ್ಯುಲೇಷನ್ಸ್ ಅನ್ವಯ. ಲ್ಯಾಬ್ ಎಂಎಚ್‌ಆರ್‌ಎಯಲ್ಲಿ, ಅಂದರೆ ಔಷಧ ಮತ್ತು ವೈದ್ಯಕೀಯ ಸಾಧನಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆಯಲ್ಲಿ, ನೋಂದಣಿ ಆಗಿರಬೇಕು. ಕ್ಲಿನಿಕ್ಕಿನಲ್ಲೇ ಮಷೀನ್ ಇಟ್ಟುಕೊಂಡು ಕ್ರೌನ್ ಮಾಡಿಕೊಡುವ ಡೆಂಟಿಸ್ಟ್‌ಗೂ ಇದು ತಪ್ಪಿದ್ದಲ್ಲ. ಉತ್ತರ ಐರ್ಲೆಂಡ್‌ನಲ್ಲಿ ಮಾತ್ರ ಯುರೋಪಿಯನ್ ಒಕ್ಕೂಟದ ನಿಯಮ ನಡೆಯುತ್ತದೆ.

ಲ್ಯಾಬ್ ನೋಂದಣಿ ಬೇರೆ, ನಿಮ್ಮ ನೋಂದಣಿ ಬೇರೆ. ಡೆಂಟಲ್ ಟೆಕ್ನಿಷಿಯನ್ ಅಂತ ಕೆಲಸ ಮಾಡಲು ಜನರಲ್ ಡೆಂಟಲ್ ಕೌನ್ಸಿಲ್‌ನ ಪಟ್ಟಿಯಲ್ಲಿ ಹೆಸರಿರಬೇಕು. 2008ರಿಂದ ಇದು ಕಡ್ಡಾಯ. ಐದು ವರ್ಷಕ್ಕೆ 50 ಗಂಟೆ ಸಿಪಿಡಿ, ಅಂದರೆ ವೃತ್ತಿಯಲ್ಲಿದ್ದುಕೊಂಡೇ ಮುಂದುವರಿಸುವ ಕಲಿಕೆ, ಅದರ ದಾಖಲೆಯೂ ಬೇಕು. ಊರಲ್ಲಿ ಬಿಡಿಎಸ್ ಮಾಡಿ ಬಂದವರು ಇದನ್ನು ಗಮನಿಸಿ: ಮೊದಲೆಲ್ಲ ಆ ಡಿಗ್ರಿ ತೋರಿಸಿ ಟೆಕ್ನಿಷಿಯನ್ ಆಗಿ ನೋಂದಣಿ ಮಾಡಿಸಬಹುದಿತ್ತು. 2023ರ ಮಾರ್ಚ್‌ನಿಂದ ಆ ದಾರಿ ಮುಚ್ಚಿದೆ. ಹಳೆಯ ಸಲಹೆ ಕೇಳಿ ಸುಮ್ನೆ ಟಿಕೆಟ್ ಬುಕ್ ಮಾಡಬೇಡಿ.

ಪ್ರತಿ ಕ್ರೌನ್ ಜೊತೆ ಒಂದು ‘ಸ್ಟೇಟ್‌ಮೆಂಟ್’ ಹೋಗಬೇಕು. ಲ್ಯಾಬಿನ ಹೆಸರು, ವಿಳಾಸ, ಬರೆದುಕೊಟ್ಟ ಡೆಂಟಿಸ್ಟ್, ಯಾವ ರೋಗಿಗೆ, ಏನು ಕೇಳಿದ್ದರು, ಸುರಕ್ಷತೆಯ ಅಗತ್ಯಗಳಿಗೆ ಹೊಂದುತ್ತದೆಯೇ, ಇಷ್ಟೂ ಅದರಲ್ಲಿರಬೇಕು. ರೋಗಿ ಕೇಳಿದರೆ ಅದು ಅವರಿಗೆ ಸಿಗಬೇಕು. ದಾಖಲೆಗಳನ್ನು ಕನಿಷ್ಠ 5 ವರ್ಷ ಇಡಬೇಕು. ದೇಹದೊಳಗೆ ಕೂರಿಸುವ ಇಂಪ್ಲಾಂಟ್ ಆದರೆ 15 ವರ್ಷ.

ಮಿಲ್ಲಿಂಗ್ ಲ್ಯಾಬಿನಲ್ಲಿ ಎಡವೋದು ಜಾಸ್ತಿ ಡಿಸ್ಕ್ ವಿಷಯದಲ್ಲಿ. ಡಿಸ್ಕ್ ಅಂದರೆ ಮಷೀನ್ ಕ್ರೌನ್ ಕೊರೆಯುವ ದುಂಡನೆ ಬಿಲ್ಲೆ. ಜಿರ್ಕೋನಿಯಾ ಅನ್ನೋ ಗಟ್ಟಿ ಸೆರಾಮಿಕ್‌ನ ಒಂದು ಡಿಸ್ಕ್‌ನಲ್ಲಿ ಹಲವು ರೋಗಿಗಳ ಕ್ರೌನ್ ಬರುತ್ತವೆ. ಅರ್ಧ ಖರ್ಚಾದ ಡಿಸ್ಕನ್ನು ತೆಗೆದು ಶೆಲ್ಫಿಗೆ ಇಡುತ್ತೇವೆ, ಮುಂದಿನ ವಾರ ಮತ್ತೆ ಹಾಕುತ್ತೇವೆ. ನಾನು ಕೆಲಸ ಮಾಡಿದ ಒಂದು ಲ್ಯಾಬಿನಲ್ಲಿ ಡಬ್ಬಿ ಎಸೆದುಬಿಟ್ಟಿದ್ದರು. ಶೆಲ್ಫಿನಲ್ಲಿ ಒಂದೇ ಥರ ಕಾಣುವ ನಾಲ್ಕು ಬಿಳಿ ಡಿಸ್ಕ್, ಯಾವ ಕಂತಿನಲ್ಲಿ ತಯಾರಾದದ್ದು ಅಂತ ಹೇಳುವ ಲಾಟ್ ನಂಬರ್ ಯಾವುದರ ಮೇಲೂ ಇಲ್ಲ. ಜಿರ್ಕೋನಿಯಾ ಕುಲುಮೆಯಲ್ಲಿ ಸುಮಾರು 1500 ಡಿಗ್ರಿಯಲ್ಲಿ ಬೆಂದಾಗ 20ರಿಂದ 25 ಶೇಕಡಾ ಕುಗ್ಗುತ್ತದೆ. ಎಷ್ಟು ಕುಗ್ಗುತ್ತದೆ ಅನ್ನೋ ಅಂಕಿ ಲಾಟ್‌ನಿಂದ ಲಾಟ್‌ಗೆ ಬೇರೆ. ಆ ಲೆಕ್ಕದಲ್ಲೇ ಕ್ರೌನನ್ನು ಮೊದಲು ದೊಡ್ಡದಾಗಿ ಕೊರೆಯೋದು, ಅದು ತಪ್ಪಿದರೆ ಕ್ರೌನ್ ಹಲ್ಲಿಗೆ ಕೂರೋದಿಲ್ಲ. ನಾಳೆ ಆ ಲಾಟಿನಲ್ಲೇ ದೋಷ ಇದೆ ಅಂತ ಕಂಪನಿ ಹೇಳಿದರೆ ಯಾರ ಬಾಯಲ್ಲಿದೆ ಅಂತ ಹುಡುಕೋದು ಹೇಗೆ ಅಲ್ವಾ? ಅದಕ್ಕೆ ನಾನು ಡಿಸ್ಕನ್ನು ಅದರ ಡಬ್ಬಿಯಲ್ಲೇ ಇಡುತ್ತೇನೆ, ಪ್ರತಿ ಜಾಬ್ ಶೀಟಿನಲ್ಲಿ ಲಾಟ್ ನಂಬರ್ ಬರೆಯುತ್ತೇನೆ. ಅರ್ಧ ನಿಮಿಷದ ಕೆಲಸ.

ಕೊನೆಗೆ ಧೂಳು. ಕೊರೆಯುವಾಗ, ಉಜ್ಜುವಾಗ ಏಳುವ ಜಿರ್ಕೋನಿಯಾ, ಕೋಬಾಲ್ಟ್ ಕ್ರೋಮ್ ಅನ್ನೋ ಮಿಶ್ರಲೋಹದ ಪುಡಿ ನೇರ ಶ್ವಾಸಕೋಶಕ್ಕೆ. ಕೆಲಸದ ಜಾಗದಲ್ಲಿ ಆರೋಗ್ಯಕ್ಕೆ ಅಪಾಯವಾಗುವ ವಸ್ತುಗಳ ಬಗೆಗಿನ 2002ರ ‘ಕಾಶ್’ (COSHH) ನಿಯಮದಡಿ ಧೂಳೆಳೆಯುವ ವ್ಯವಸ್ಥೆಯನ್ನು ಕನಿಷ್ಠ 14 ತಿಂಗಳಿಗೊಮ್ಮೆ ಪೂರ್ತಿ ಪರೀಕ್ಷೆ ಮಾಡಿಸಲೇಬೇಕು. ಕೆಲಸಕ್ಕೆ ಸೇರುವ ದಿನವೇ ಆ ವರದಿ ತೋರಿಸಿ ಅಂತ ಕೇಳಿ. ಕೇಳೋಕೆ ಸಂಕೋಚ ಬೇಡ, ಆ ಗಾಳಿ ಕುಡಿಯೋರು ನೀವು.