ಎನ್‌ಎಂಸಿ 811 ಪುಡಿಗೆ ಅಲ್ಯುಮಿನಾ ಹೊದಿಕೆ: ನಾನು ಮಾಡುವ ಬಗೆ

ಎನ್‌ಎಂಸಿ 811 ಅಂದರೆ ಲಿಥಿಯಂ-ಅಯಾನ್ ಬ್ಯಾಟರಿಯ ಧನ ಎಲೆಕ್ಟ್ರೋಡಿಗೆ ಬಳಸುವ ಪುಡಿ; ಇದರಲ್ಲಿ ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ 8:1:1 ಪ್ರಮಾಣದಲ್ಲಿರುತ್ತವೆ. ಅದನ್ನು ಕಾಪಾಡಲು ಮೇಲೆ ಅಲ್ಯುಮಿನಾದ (ಅಲ್ಯುಮಿನಿಯಂ ಆಕ್ಸೈಡ್) ತೆಳು ಹೊದಿಕೆ ಹಾಕುತ್ತೇನೆ. ಹೋದ ಮಳೆಗಾಲದಲ್ಲಿ ಫಾಯಿಲ್‌ಗೆ ಬಳಿಯಲು ಈ ಪುಡಿ, ಅಂಟು ಸೇರಿಸಿ ಸ್ಲರಿ ಕಲಸಿಟ್ಟು ಟೀ ಕುಡಿದು ಬಂದೆ. ಅಷ್ಟರಲ್ಲಿ ಅದು ಕಪ್ಪು ಹಾಲುಬಾಯಿಯ ಹಾಗೆ ಗಟ್ಟಿಯಾಗಿ ಕೂತಿತ್ತು. ಫಾಯಿಲ್ ಮೇಲೆ ಬ್ಲೇಡ್ ಎಳೆದರೆ ಹರಡಲೇ ಇಲ್ಲ. ತಪ್ಪು ನನ್ನದೇ. ಪುಡಿಯ ಡಬ್ಬಿಯನ್ನು ದಿನಾ ಹೊರಗೇ ತೆರೆದು ತೂಗುತ್ತಿದ್ದೆ. ನಿಕ್ಕಲ್ ಜಾಸ್ತಿ ಇರುವ ಈ ಪುಡಿ ಗಾಳಿಯ ತೇವ, ಕಾರ್ಬನ್ ಡೈಆಕ್ಸೈಡ್ ಸೋಕಿದರೆ ಮೈಮೇಲೆ ಲಿಥಿಯಂ ಹೈಡ್ರಾಕ್ಸೈಡ್, ಕಾರ್ಬೊನೇಟ್ ಬೆಳೆಸಿಕೊಳ್ಳುತ್ತದೆ. ಆ ಕ್ಷಾರ ಪಿವಿಡಿಎಫ್ ಅಂಟನ್ನು ಕೆಡಿಸುತ್ತದೆ.

ಈಗ ಪುಡಿಯನ್ನು ಆರ್ಗಾನ್ ಗ್ಲೋವ್‌ಬಾಕ್ಸ್ (ಹೊರಗಿನ ಗಾಳಿ ಸೋಕದ ಮುಚ್ಚಿದ ಪೆಟ್ಟಿಗೆ) ಒಳಗೇ 10 ಗ್ರಾಂನ ಬಾಟಲಿಗಳಿಗೆ ಹಂಚಿಡುತ್ತೇನೆ. ಒಂದು ಸಲಕ್ಕೆ ಒಂದೇ ಬಾಟಲಿ.

10 ಗ್ರಾಂ ಪುಡಿಗೆ 0.2 ಗ್ರಾಂ ಅಲ್ಯುಮಿನಿಯಂ ಐಸೊಪ್ರೊಪಾಕ್ಸೈಡ್ ಸಾಕು. ಸುಟ್ಟ ಮೇಲೆ ಅದರಲ್ಲಿ ಕಾಲು ಭಾಗ ಅಲ್ಯುಮಿನಾ ಉಳಿಯುತ್ತದೆ, ಅಂದರೆ ಪುಡಿಯ ತೂಕದ ಅರ್ಧ ಪರ್ಸೆಂಟ್. ನೀರಿನಂಶವಿಲ್ಲದ ಐಸೊಪ್ರೊಪನಾಲ್‌ನಲ್ಲಿ ಅದನ್ನು ಬೆಚ್ಚಗೆ ಮಾಡಿ ಕರಗಿಸಿ. ಕರಗುವುದು ನಿಧಾನ, ಅವಸರ ಬೇಡ. ಪುಡಿ ಸೇರಿಸಿ, ಫ್ಯೂಮ್ ಹುಡ್‌ನಲ್ಲಿ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಲಕುತ್ತಲೇ ಒಣಗಿಸಿ. ಕೈ ಬಿಟ್ಟರೆ ಗಂಟು. ಮಾಸ್ಕ್ ಮಾತ್ರ ಮರೆಯಬೇಡಿ, ಇದು ನಿಕ್ಕಲ್.

ಪೂರ್ತಿ ಒಣಗಿದ ಮೇಲೆ ಕುಲುಮೆಯಲ್ಲಿ ಆಕ್ಸಿಜನ್ ಹರಿಸುತ್ತಾ 500 ಡಿಗ್ರಿಯಲ್ಲಿ 5 ಗಂಟೆ ಸುಡಿ. ಆಕ್ಸಿಜನ್ ಕಡಿಮೆಯಾದರೆ ನಿಕ್ಕಲ್ ಹೋಗಿ ಲಿಥಿಯಂ ಜಾಗದಲ್ಲಿ ಕೂತುಬಿಡುತ್ತದೆ. ಶಾಖ ಅತಿಯಾದರೆ ಅಲ್ಯುಮಿನಿಯಂ ಕಣದೊಳಗೆ ಇಳಿದು, ಹೊದಿಕೆಯೇ ಉಳಿಯುವುದಿಲ್ಲ.

ದಪ್ಪಗಿದ್ದರೆ ಒಳ್ಳೆಯದು ಅಂತ ನಾನೊಮ್ಮೆ 2 ಪರ್ಸೆಂಟ್ ಹಾಕಿ ನೋಡಿದ್ದೆ. ಅಲ್ಯುಮಿನಾ ಲಿಥಿಯಂಗೆ ಸಲೀಸಾಗಿ ದಾರಿ ಬಿಡುವುದಿಲ್ಲ, ಅಲ್ವಾ? ಮೊದಲ ಸೈಕಲ್‌ನಲ್ಲೇ (ಒಂದು ಸಲ ಚಾರ್ಜ್, ಡಿಸ್ಚಾರ್ಜ್) ಕೆಪಾಸಿಟಿ ಬಿತ್ತು.

ಹೊದಿಸಿದ ಪುಡಿಯ ಸ್ಲರಿಯನ್ನು ಫಾಯಿಲ್ ಮೇಲೆ ಬಳಿದರೆ ಎಲೆಕ್ಟ್ರೋಡ್. ಅದನ್ನು ವ್ಯಾಕ್ಯೂಮ್‌ನಲ್ಲಿ 120 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿ. ನೀರು ಉಳಿದರೆ ಎಲೆಕ್ಟ್ರೋಲೈಟ್‌ನ ಉಪ್ಪು ಒಡೆದು ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟುತ್ತದೆ. ನಾವು ಹೊದಿಕೆ ಹಾಕಿದ್ದೇ ಅದರಿಂದ ಕಾಪಾಡಲು.

ಹೊದಿಸಿದ ಪುಡಿಯ 3 ಕಾಯಿನ್ ಸೆಲ್ (ನಾಣ್ಯದಾಕಾರದ ಪುಟ್ಟ ಪರೀಕ್ಷಾ ಬ್ಯಾಟರಿ), ಹೊದಿಸದ್ದರ 3 ಮಾಡಿ. ಒಂದೇ ದಿನ, ಒಂದೇ ಎಲೆಕ್ಟ್ರೋಲೈಟ್. ಒಂದೊಂದೇ ಸೆಲ್ ಮಾಡಿ ಸುಮ್ನೆ ಹಿಗ್ಗಬೇಡಿ. 4.3 ವೋಲ್ಟ್‌ವರೆಗೆ ಚಾರ್ಜ್ ಮಾಡಿ. ಮೊದಲ 20 ಸೈಕಲ್‌ನಲ್ಲಿ ಎರಡರ ಕೆಪಾಸಿಟಿ ಗೆರೆಗಳೂ ಗ್ರಾಫ್‌ನಲ್ಲಿ ಒಂದರ ಮೇಲೊಂದು ಕೂತಿದ್ದರೆ ಬೇಜಾರಾಗಬೇಡಿ, 100 ಓಡಲಿ.

ಇಷ್ಟಾದರೂ ಕೆಪಾಸಿಟಿ ಇಳಿಯುತ್ತಿದ್ದರೆ ಸೆಲ್ ಬಿಚ್ಚಿ ಎಸ್‌ಇಎಂನಲ್ಲಿ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ನೋಡಿ. 4.2 ವೋಲ್ಟ್ ಆಸುಪಾಸಿನಲ್ಲಿ ಹರಳು ಒಮ್ಮೆಲೇ ಕುಗ್ಗುತ್ತದೆ, ಕಣಗಳು ಬಿರಿಯುತ್ತವೆ. ಬಿರುಕಿಗೆ ಹೊದಿಕೆ ಮದ್ದಲ್ಲ. ಒಂಟಿ ಹರಳಿನ, ಅಂದರೆ ಒಂದೊಂದು ಕಣವೂ ಒಂದೇ ಹರಳಾಗಿರುವ ಪುಡಿ ತರಿಸಿ.